ಗ್ರಹ, ನಕ್ಷತ್ರ, ಮಳೆ: ಪದೇ ಪದೇ ಕೇಳುವ ಪ್ರಶ್ನೆಗಳು

ಯುಗಾದಿ ಹತ್ತಿರ ಬಂದಾಗ ಮತ್ತು ಮೇ ಕೊನೆಗೆ ಮೋಡ ಕಟ್ಟುವಾಗ ನನಗೆ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಕೆಲವು ಕಾಗದದಲ್ಲಿ, ಕೆಲವು ಫೋನಿನಲ್ಲಿ, ಕೆಲವು ಹೊಲದ ಬದುವಿನ ಮೇಲೆ ನಿಂತು ಮಾತಾಡುವಾಗ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಪಂಚಾಂಗ ಓದುವುದು ನನಗೆ ಇಷ್ಟ, ಮಳೆಮಾಪಕದ ಲೆಕ್ಕ ನೋಡುವುದೂ ಇಷ್ಟ. ಎರಡನ್ನೂ ಪಕ್ಕ ಪಕ್ಕ ಇಟ್ಟಾಗ ಕಂಡದ್ದನ್ನು ಹೇಳುತ್ತೇನೆ. ಬೀಜ, ಗೊಬ್ಬರದ ಸಾಲ ತಲೆ ಮೇಲೆ ಇರುವವರು ಇದನ್ನು ಓದುತ್ತಾರೆ, ಹಾಗಾಗಿ ಸುತ್ತಿ ಬಳಸಿ ಹೇಳುವುದಿಲ್ಲ.

## ಶುರುವಿನ ಪ್ರಶ್ನೆಗಳು

ರೋಹಿಣಿ ಮಳೆ, ಆರಿದ್ರೆ ಮಳೆ ಅಂತಾರಲ್ಲ, ಆ ನಕ್ಷತ್ರನೇ ಮಳೆ ತರುತ್ತಾ?

ಇಲ್ಲ. ಅಲ್ಲಿ ಹೇಳುತ್ತಿರುವುದು ಸೂರ್ಯ ಎಲ್ಲಿದ್ದಾನೆ ಅನ್ನೋದನ್ನು. ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರಗಳ ಪಟ್ಟಿಯನ್ನು ಒಂದು ಸುತ್ತು ಹಾಕಿದಂತೆ ನಮಗೆ ಕಾಣುತ್ತಾನೆ. ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ. ಸೂರ್ಯ ರೋಹಿಣಿಯಲ್ಲಿ ಇರುವ ಆ ಎರಡು ವಾರದಲ್ಲಿ ಬಿದ್ದದ್ದು ರೋಹಿಣಿ ಮಳೆ. ಅಂದರೆ ಇದು ಸೂರ್ಯನ ಕ್ಯಾಲೆಂಡರ್. ಚೈತ್ರ, ವೈಶಾಖ ಅನ್ನುವ ಚಾಂದ್ರಮಾನ ತಿಂಗಳು ವರ್ಷಕ್ಕೆ 11 ದಿನ ಹಿಂದೆ ಸರಿದು, ಅಧಿಕ ಮಾಸ ಬಂದಾಗ ಮತ್ತೆ ಮುಂದೆ ಜಿಗಿಯುತ್ತದೆ. ಅದನ್ನು ನಂಬಿ ಬಿತ್ತಿದರೆ ಒಂದು ವರ್ಷ ಬೇಗ, ಇನ್ನೊಂದು ವರ್ಷ ತಡ. ಮಳೆ ನಕ್ಷತ್ರ ಹಾಗೆ ಅಲ್ಲಾಡುವುದಿಲ್ಲ. ನಮ್ಮ ರೈತರು ಹಬ್ಬಕ್ಕೆ ಚಂದ್ರನ ಲೆಕ್ಕ, ಬೇಸಾಯಕ್ಕೆ ಸೂರ್ಯನ ಲೆಕ್ಕ ಅಂತ ಬೇರೆ ಬೇರೆ ಇಟ್ಟುಕೊಂಡದ್ದು ತುಂಬಾ ಬುದ್ಧಿವಂತಿಕೆಯ ಕೆಲಸ.

ಯಾವ ಮಳೆ ಯಾವ ತಾರೀಕಿಗೆ ಶುರುವಾಗುತ್ತೆ? ಪ್ರತಿ ವರ್ಷ ಒಂದೇನಾ?

ಒಂದು ದಿನ ಆಚೀಚೆ ಬಿಟ್ಟರೆ ಒಂದೇ. ಅಶ್ವಿನಿ ಏಪ್ರಿಲ್ 14ಕ್ಕೆ, ಭರಣಿ ಏಪ್ರಿಲ್ 27-28ಕ್ಕೆ, ಕೃತ್ತಿಕೆ ಮೇ 11ಕ್ಕೆ, ರೋಹಿಣಿ ಮೇ 25ಕ್ಕೆ, ಮೃಗಶಿರೆ ಜೂನ್ 8ಕ್ಕೆ. ಉತ್ತರ ಕರ್ನಾಟಕದವರು ಮಿರಗ ಅನ್ನೋದು ಇದನ್ನೇ. ಆರಿದ್ರೆ ಜೂನ್ 22ಕ್ಕೆ, ಪುನರ್ವಸು ಜುಲೈ 6ಕ್ಕೆ, ಪುಷ್ಯ ಜುಲೈ 20ಕ್ಕೆ, ಆಶ್ಲೇಷ ಆಗಸ್ಟ್ 3ಕ್ಕೆ, ಮಘೆ ಆಗಸ್ಟ್ 17ಕ್ಕೆ, ಹುಬ್ಬೆ ಆಗಸ್ಟ್ 30-31ಕ್ಕೆ, ಉತ್ತರೆ ಸೆಪ್ಟೆಂಬರ್ 13ಕ್ಕೆ, ಹಸ್ತ ಸೆಪ್ಟೆಂಬರ್ 27ಕ್ಕೆ, ಚಿತ್ತೆ ಅಕ್ಟೋಬರ್ 10-11ಕ್ಕೆ, ಸ್ವಾತಿ ಅಕ್ಟೋಬರ್ 24ಕ್ಕೆ, ವಿಶಾಖೆ ನವೆಂಬರ್ 6ಕ್ಕೆ. ಅಲ್ಲಿಗೆ ಹಿಂಗಾರೂ ಮುಗಿಯುತ್ತಾ ಬರುತ್ತದೆ.

ನನ್ನ ಜನ್ಮನಕ್ಷತ್ರ ಆರಿದ್ರೆ. ಆರಿದ್ರೆ ಮಳೆಗೂ ನನಗೂ ಏನಾದ್ರೂ ಸಂಬಂಧ ಇದೆಯಾ?

ಇಲ್ಲ. ಜನ್ಮನಕ್ಷತ್ರ ನೀವು ಹುಟ್ಟಿದಾಗ ಚಂದ್ರ ಇದ್ದ ಜಾಗ. ಚಂದ್ರ 27 ದಿನದಲ್ಲಿ ಎಲ್ಲ ನಕ್ಷತ್ರ ದಾಟುತ್ತಾನೆ. ಮಳೆಗೆ ಹಿಡಿಯುವುದು ಸೂರ್ಯನ ಜಾಗ.

ಮಳೆ ಗಾದೆಗಳಲ್ಲಿ ಸತ್ಯ ಇದೆಯಾ, ಇಲ್ಲಾ ಪ್ರಾಸಕ್ಕೆ ಕಟ್ಟಿದ್ದಾ?

ಪ್ರಾಸ ಇದೆ, ಜೊತೆಗೆ ಅನುಭವವೂ ಇದೆ. ಒಂದೊಂದು ಗಾದೆಯನ್ನೂ ತಾರೀಕಿನ ಪಕ್ಕ ಇಟ್ಟು ನೋಡಿ.

“ಅಶ್ವಿನಿ ಸಸ್ಯನಾಶಿನಿ” ಅಂತಾರೆ. ಅದು ಏಪ್ರಿಲ್ ಕೊನೆಯ ಎರಡು ವಾರ. ನೆಲ ಕಾದು ಬೆಂಕಿಯಾಗಿರುತ್ತದೆ. ಸಂಜೆ ಏಳುವ ಮಳೆ ಗಾಳಿ, ಗುಡುಗು, ಆಲಿಕಲ್ಲು ಕಟ್ಟಿಕೊಂಡೇ ಬರುತ್ತದೆ. ಮಾವಿನಕಾಯಿ ಉದುರುತ್ತದೆ, ಬಾಳೆ ಮುರಿಯುತ್ತದೆ. “ಭರಣಿ ಮಳೆ ಬಂದರೆ ಧರಣಿ ಎಲ್ಲಾ ಬೆಳೆ” ಅನ್ನುವುದು ಮೇ ಮೊದಲ ವಾರದ ಮಾತು. ಆಗ ಒಂದು ಹದ ಮಳೆ ಬಂದರೆ ಮಾಗಿ ಉಳುಮೆ ತಪ್ಪಿಹೋದವರೂ ಹೊಲ ಹಸನು ಮಾಡಿಕೊಳ್ಳಬಹುದು. ಮಣ್ಣೊಳಗಿನ ಹುಳುಗಳ ಕೋಶ ಮೇಲೆ ಬಂದು ಬಿಸಿಲಿಗೆ ಸಾಯುತ್ತವೆ. “ರೋಹಿಣಿ ಮಳೆ ಬಂದರೆ ಓಣಿ ತುಂಬಾ ಜೋಳ” ಅಂದರೆ ಜೂನ್ ಮೊದಲ ವಾರದ ಒಳಗೆ ಬಿತ್ತನೆ ಆದ ಮುಂಗಾರು ಜೋಳಕ್ಕೆ ಪೂರಾ ಕಾಲ ಸಿಗುತ್ತದೆ ಅಂತ. “ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ” ಅನ್ನುವುದು ಇನ್ನೂ ಖಡಕ್. ಜುಲೈ ಮೊದಲ ವಾರಕ್ಕೂ ಮುಂಗಾರು ಕೂಡದಿದ್ದರೆ ಆ ವರ್ಷ ಕಷ್ಟ ಅಂತ ಇವತ್ತಿನ ಕೃಷಿ ಇಲಾಖೆಯವರೂ ಹೇಳುತ್ತಾರೆ. “ಆಶ್ಲೇಷ ಮಳೆ, ಈಸಲಾರದ ಹೊಳೆ” ಆಗಸ್ಟ್ ಮೊದಲರ್ಧದ ಮಲೆನಾಡಿನ ಚಿತ್ರ. ಆ ದಿನಗಳಲ್ಲಿ ತುಂಗೆಯ ದಡದಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಒಂದು ಗಾದೆ ಒಂದು ಸೀಮೆಯದ್ದು ಅನ್ನೋದು ಮರೆಯಬಾರದು. ವಿಜಯಪುರದ ಎರೆ ಹೊಲದವರಿಗೆ ಆಶ್ಲೇಷಕ್ಕಿಂತ ಉತ್ತರೆ, ಹಸ್ತದ ಮಳೆ ಮುಖ್ಯ. ಹಿಂಗಾರು ಜೋಳ ನಿಲ್ಲುವುದೇ ಆ ತೇವದ ಮೇಲೆ. ಮಂಗಳೂರು ಕಡೆಯವರ ಗಾದೆ ತಂದು ಸಿಂದಗಿಯಲ್ಲಿ ಹೇಳಿದರೆ ಉಪಯೋಗ ಇಲ್ಲ.

ಚಂದ್ರನ ಸುತ್ತ ಕೊಡೆ ಕಟ್ಟಿದರೆ ಮಳೆ ಅಂತಾರೆ. ಅದೂ ಜ್ಯೋತಿಷವೇ?

ಹಳೆಯ ಸಂಹಿತೆಗಳಲ್ಲಿ ಎರಡನ್ನೂ ಒಟ್ಟಿಗೇ ಬರೆದಿದ್ದಾರೆ, ಆದರೆ ಇದು ಆಕಾಶ ನೋಡಿ ಹೇಳುವ ಮಾತು, ಗ್ರಹ ನೋಡಿ ಅಲ್ಲ. ತುಂಬಾ ಎತ್ತರದ ತೆಳು ಮೋಡದಲ್ಲಿ ಮಂಜಿನ ಹರಳು ಇರುತ್ತವೆ. ಬೆಳಕು ಅವುಗಳಲ್ಲಿ ಬಾಗಿ ದೊಡ್ಡ ಉಂಗುರ ಕಾಣುತ್ತದೆ. ಮೇಲೆ ತೇವ ಬಂದಿದೆ ಅನ್ನುವುದಕ್ಕೆ ಅದು ಗುರುತು. ಪ್ರತಿ ಸಲ ಮಳೆ ಬರಲ್ಲ, ಆದರೂ ಸುಮ್ನೆ ಹುಟ್ಟಿದ ನಂಬಿಕೆ ಅಲ್ಲ. ಹಳೆಯ ಕಾಲದ ಖಗೋಳಜ್ಞ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ಕೂಡಲೇ ಬರುವ ಮಳೆಯ ಗುರುತುಗಳಿಗೇ ಒಂದು ಅಧ್ಯಾಯ ಇಟ್ಟಿದ್ದಾನೆ. ಇರುವೆಗಳು ಮೊಟ್ಟೆ ಹೊತ್ತು ಸಾಗುವುದು ಕೂಡ ಅದರಲ್ಲಿದೆ.

## ಪಂಚಾಂಗದ ಒಳಗೆ

ಯುಗಾದಿ ದಿನ ರಾಜ ಇವನು, ಮಂತ್ರಿ ಅವನು, ಮೇಘಾಧಿಪತಿ ಇನ್ನೊಬ್ಬ ಅಂತ ಓದ್ತಾರೆ. ಯಾರು ಆರಿಸೋದು? ಅದು ಫಲಿಸುತ್ತಾ?

ಆರಿಸುವುದು ವಾರ. ಚೈತ್ರ ಶುದ್ಧ ಪಾಡ್ಯ ಯಾವ ವಾರ ಬರುತ್ತದೋ ಆ ವಾರದ ಗ್ರಹ ರಾಜ. ಮೇಷ ಸಂಕ್ರಮಣದ ವಾರದವನು ಮಂತ್ರಿ. ಸೂರ್ಯ ಆರಿದ್ರೆಗೆ ಬರುವ ವಾರದವನು ಮೇಘಾಧಿಪತಿ. ಉಳಿದ ನಾಯಕರಿಗೂ ಹೀಗೇ ಬೇರೆ ಬೇರೆ ಸಂಕ್ರಮಣದ ವಾರ. ಗುರು, ಶುಕ್ರ, ಬುಧ, ಚಂದ್ರ ಬಂದರೆ ಒಳ್ಳೆ ಮಳೆ. ಸೂರ್ಯ, ಮಂಗಳ, ಶನಿ ಬಂದರೆ ಕಷ್ಟ. ಇದು ಸ್ಥೂಲ ನಿಯಮ.

ಈಗ ಎರಡು ವರ್ಷ ಹತ್ತಿರದಿಂದ ನೋಡೋಣ. 2023ರ ಯುಗಾದಿ ಮಾರ್ಚ್ 22, ಬುಧವಾರ. ರಾಜ ಬುಧ. ಮೇಷ ಸಂಕ್ರಮಣ ಏಪ್ರಿಲ್ 14, ಶುಕ್ರವಾರ. ಮಂತ್ರಿ ಶುಕ್ರ. ಸೂರ್ಯ ಆರಿದ್ರೆಗೆ ಬಂದದ್ದು ಜೂನ್ 22, ಗುರುವಾರ. ಮೇಘಾಧಿಪತಿ ಗುರು. ಮೂವರೂ ಶುಭರು. ಇದಕ್ಕಿಂತ ಚೆನ್ನಾಗಿರುವ ಪಟ್ಟಿ ಸಿಗುವುದು ಕಷ್ಟ. ಆ ವರ್ಷದ ಆಗಸ್ಟ್, ದೇಶದಲ್ಲಿ 1901ರಿಂದ ಇಟ್ಟ ದಾಖಲೆಯಲ್ಲೇ ಅತಿ ಒಣ ಆಗಸ್ಟ್. ಕರ್ನಾಟಕದಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆ ಆದವು. ಕನ್ನಂಬಾಡಿ ತುಂಬಲೇ ಇಲ್ಲ.

2024ರ ಯುಗಾದಿ ಏಪ್ರಿಲ್ 9, ಮಂಗಳವಾರ. ರಾಜ ಕುಜ. ಸಂಕ್ರಮಣ ಏಪ್ರಿಲ್ 13, ಶನಿವಾರ. ಮಂತ್ರಿ ಶನಿ. ಆ ಯುಗಾದಿಯಲ್ಲಿ ಪಂಚಾಂಗ ಶ್ರವಣ ಕೇಳಿ ಎಷ್ಟೋ ಜನ ಹೆದರಿದ್ದರು. ಒಂದು ಬರ ಕಳೆದು ಇನ್ನೊಂದು ಬರವಾ ಅಂತ. ಆದರೆ ಮುಂಗಾರು ದೇಶದಲ್ಲಿ ವಾಡಿಕೆಯ ಶೇ 108ರಷ್ಟು ಬಂತು. ಕನ್ನಂಬಾಡಿ ಜುಲೈನಲ್ಲೇ ಪೂರ್ತಿ ಮಟ್ಟವಾದ 124.80 ಅಡಿ ಮುಟ್ಟಿತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಅದು ತುಂಬಿ ನಿಂತಿತ್ತು.

ಎರಡೇ ವರ್ಷದಿಂದ ಎಲ್ಲ ತೀರ್ಮಾನ ಮಾಡಬೇಡಿ ಅಂತ ಒಬ್ಬ ಪುರೋಹಿತರು ನನಗೆ ಹೇಳಿದರು. ಸರಿಯಾದ ಮಾತು. ಅದಕ್ಕೇ ನಾನು ಹಳೆ ಪಂಚಾಂಗ ಸಿಕ್ಕಾಗಲೆಲ್ಲ ನಾಯಕರ ಪಟ್ಟಿಯನ್ನು ಮಳೆ ದಾಖಲೆಯ ಪಕ್ಕ ಇಟ್ಟು ನೋಡುತ್ತೇನೆ. ಶುಭರು ಬಂದ ವರ್ಷ ಜಾಸ್ತಿ ಮಳೆ ಅನ್ನುವ ಒಲವು ನನಗೆ ಎಲ್ಲೂ ಕಂಡಿಲ್ಲ. 2023ರ ಕೊರತೆಗೆ ಗೊತ್ತಿರುವ ದೊಡ್ಡ ಕಾರಣ ಪೆಸಿಫಿಕ್ ಸಾಗರದ ನೀರು ಕಾದು ಎದ್ದ ಎಲ್ ನಿನೋ. ಅದು ವಾರ ನೋಡಿ ಬರುವುದಿಲ್ಲ.

ಈ ವರ್ಷ ಇಷ್ಟು ಕೊಳಗ ಮಳೆ ಅಂತ ಬರೆದಿರುತ್ತೆ. ಮಿಲಿಮೀಟರಲ್ಲಿ ಎಷ್ಟು?

ಕೊಳಗ ಅಂದರೆ ಕಾಳು ಅಳೆಯುವ ಹಳೆಯ ಮಾಪ. ಇದರ ಹಿಂದೆ ಒಂದು ಒಳ್ಳೆಯ ಕಥೆ ಇದೆ. ಹಳೆಯವರು ಮಳೆಯನ್ನು ನಿಜವಾಗಿಯೂ ಅಳೆಯುತ್ತಿದ್ದರು. ಬೃಹತ್ಸಂಹಿತೆಯ ಪ್ರಕಾರ ಒಂದು ಮೊಳ ಅಗಲದ ಪಾತ್ರೆ ಇಡಬೇಕು. ಅದರಲ್ಲಿ ಬಿದ್ದ ನೀರು 50 ಪಲ ತೂಗಿದರೆ ಒಂದು ಆಢಕ. ನಾಲ್ಕು ಆಢಕ ಒಂದು ದ್ರೋಣ. ಪಲದ ತೂಕ ಕಾಲದಿಂದ ಕಾಲಕ್ಕೆ ಬೇರೆ. ಸುಮಾರು 40 ಗ್ರಾಂ ಅಂತ ಹಿಡಿದರೆ 50 ಪಲ ಅಂದರೆ ಎರಡು ಲೀಟರ್. ಮೊಳವನ್ನು 45 ಸೆಂಟಿಮೀಟರ್ ಅಂದುಕೊಂಡರೆ ಒಂದು ಆಢಕ ಸುಮಾರು 12-13 ಮಿಲಿಮೀಟರ್ ಆಗುತ್ತದೆ. ಒಂದು ಒಳ್ಳೆ ಹದ ಮಳೆ.

ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲೂ ಕೋಠಿಯ ಮುಂದೆ ಮಳೆಪಾತ್ರೆ ಇಡಬೇಕು ಅಂತಿದೆ. ಜಾಂಗಲ ಅಂದರೆ ಒಣ ದೇಶಕ್ಕೆ 16 ದ್ರೋಣ, ಅಶ್ಮಕಕ್ಕೆ ಹದಿಮೂರೂವರೆ, ಅವಂತಿಗೆ 23 ಅಂತ ಊರಿಗೊಂದು ವಾಡಿಕೆ ಮಳೆ ಬರೆದಿದ್ದಾನೆ. ಇದನ್ನು ಓದಿದಾಗೆಲ್ಲ ನನಗೆ ಖುಷಿ ಆಗುತ್ತದೆ. ಅದೇ ಪುಟದಲ್ಲಿ ಗುರುವಿನ ಜಾಗ, ಶುಕ್ರನ ಉದಯ ಅಸ್ತ ನೋಡಿ ಮಳೆ ತಿಳಿಯಬೇಕು ಅಂತಲೂ ಇದೆ. ಅಳತೆ ಮತ್ತು ಊಹೆ ಎರಡೂ ಒಟ್ಟಿಗೇ ನಡೆಯುತ್ತಿದ್ದ ಕಾಲ.

ಇವತ್ತಿನ ಪಂಚಾಂಗದ ಕೊಳಗ ಮಾತ್ರ ಅಳತೆಯಿಂದ ಬಂದದ್ದಲ್ಲ, ಸೂತ್ರದಿಂದ ಬಂದದ್ದು. ಸಮುದ್ರಕ್ಕೆ 10 ಪಾಲು, ಬೆಟ್ಟಕ್ಕೆ 6, ಭೂಮಿಗೆ 4 ಅಂತ ಹಂಚುತ್ತಾರೆ. ಅದನ್ನು ಮಿಲಿಮೀಟರಿಗೆ ತಿರುಗಿಸಿ ಬೆಳೆ ಲೆಕ್ಕ ಹಾಕಬೇಡಿ.

ಆವರ್ತ, ಸಂವರ್ತ, ಪುಷ್ಕರ, ದ್ರೋಣ ಮೇಘ ಅಂದ್ರೆ ಯಾವ ಮೋಡ?

ಆಕಾಶದಲ್ಲಿ ಬೆರಳು ತೋರಿಸಬಹುದಾದ ಮೋಡಗಳಲ್ಲ. ‘ಕೃಷಿ ಪರಾಶರ’ ಅನ್ನುವ ಬೇಸಾಯದ ಹಳೆಯ ಸಂಸ್ಕೃತ ಗ್ರಂಥದ ನಿಯಮದಲ್ಲಿ ಶಕ ವರ್ಷದ ಸಂಖ್ಯೆಗೆ ಚಿಕ್ಕ ಸಂಖ್ಯೆಯೊಂದನ್ನು ಕೂಡಿಸಿ 4ರಿಂದ ಭಾಗಿಸುತ್ತಾರೆ. ಉಳಿದ ಶೇಷ ಆ ವರ್ಷದ ಮೇಘ. ಪುಷ್ಕರ ಬಂದರೆ ನೀರು ದುರ್ಲಭ, ದ್ರೋಣ ಬಂದರೆ ಭೂಮಿ ತುಂಬಾ ನೀರು. ಅಂದರೆ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ದ್ರೋಣ ಬರಲೇಬೇಕು. ನಮ್ಮ ಮಳೆ ಯಾವತ್ತೂ ಹಾಗೆ ನಾಲ್ಕರ ತಾಳ ಹಾಕಿದ್ದಿಲ್ಲ. ಇದರಲ್ಲಿ ಗ್ರಹಗಳ ಪಾತ್ರವೂ ಇಲ್ಲ, ಬರೀ ಭಾಗಾಕಾರ.

ಈ ಸಲ ಮಳೆ ಕಪ್ಪೆ ಮೇಲೆ ಕೂತು ಬರುತ್ತೆ, ಕತ್ತೆ ಮೇಲೆ ಬರುತ್ತೆ ಅಂತಾರಲ್ಲ?

ಅದು ವಾಹನದ ಲೆಕ್ಕ. ಉತ್ತರ ಕರ್ನಾಟಕ, ಮಹಾರಾಷ್ಟ್ರದ ಪಂಚಾಂಗಗಳಲ್ಲಿ ಸಾಮಾನ್ಯ. ಸೂರ್ಯ ಹೊಸ ಮಳೆ ನಕ್ಷತ್ರಕ್ಕೆ ಬಂದಾಗ ಅಲ್ಲಿಂದ ಚಂದ್ರನ ನಕ್ಷತ್ರದವರೆಗೆ ಎಣಿಸಿ 9ರಿಂದ ಭಾಗಿಸುತ್ತಾರೆ. ಕುದುರೆ, ನರಿ, ಕಪ್ಪೆ, ಕುರಿ, ನವಿಲು, ಇಲಿ, ಎಮ್ಮೆ, ಕತ್ತೆ, ಆನೆ. ಕಪ್ಪೆ, ಎಮ್ಮೆ, ಆನೆ ಬಂದರೆ ಒಳ್ಳೆ ಮಳೆ. ಮಕ್ಕಳಿಗೆ ಮಳೆ ನಕ್ಷತ್ರಗಳ ಹೆಸರು ಕಲಿಸಲು ಇದಕ್ಕಿಂತ ಚೆಂದದ ದಾರಿ ಇಲ್ಲ. ಬಿತ್ತನೆಗೆ ಆಧಾರ ಆಗುವುದಿಲ್ಲ.

ಬುಧ, ಶುಕ್ರ ಒಟ್ಟಿಗೆ ಇದ್ದರೆ ಮಳೆ ಗ್ಯಾರಂಟಿ ಅಂತ ನಮ್ಮ ಜ್ಯೋತಿಷಿ ಹೇಳಿದ್ರು. ಹೌದಾ?

ಅವರು ಹೇಳಿದ್ದು ಹೆಸರಾದ ಒಂದು ಶ್ಲೋಕ. ಬುಧ ಶುಕ್ರರು ಹತ್ತಿರ ಬಂದರೆ ಭೂಮಿಯನ್ನೇ ಕಡಲು ಮಾಡುತ್ತಾರೆ, ಅವರ ನಡುವೆ ಸೂರ್ಯ ಬಂದರೆ ಸಮುದ್ರವನ್ನೂ ಒಣಗಿಸುತ್ತಾನೆ ಅಂತ ಅದರ ಅರ್ಥ.

ಇಲ್ಲಿ ಆಕಾಶದ ಒಂದು ಸಂಗತಿ ತಿಳಿದಿರಬೇಕು. ಬುಧ ಸೂರ್ಯನಿಂದ 28 ಡಿಗ್ರಿಗಿಂತ ದೂರ ಹೋಗುವುದೇ ಇಲ್ಲ. ಶುಕ್ರ 47 ಡಿಗ್ರಿ ದಾಟುವುದಿಲ್ಲ. ಅಂದರೆ ಈ ಮೂವರೂ ವರ್ಷವಿಡೀ ಒಂದೇ ಬೀದಿಯಲ್ಲಿ ಓಡಾಡುತ್ತಾರೆ. ಬುಧ ಶುಕ್ರರು ಹತ್ತಿರ ಬರುವುದು ಅಪರೂಪವೇ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಸೂರ್ಯ ಮಿಥುನ, ಕರ್ಕಾಟಕ, ಸಿಂಹದಲ್ಲಿ ಇರುವಾಗ ಇವರೂ ಅಲ್ಲೇ ಆಚೀಚೆ ಇರುತ್ತಾರೆ. ಆಗ ಹೇಗಿದ್ದರೂ ಮುಂಗಾರು. ಮಳೆ ಬಂದರೆ ಯೋಗ ಫಲಿಸಿತು ಅನ್ನಬಹುದು, ಬರದಿದ್ದರೆ ಸೂರ್ಯ ನಡುವೆ ಬಂದ ಅನ್ನಬಹುದು. ಎರಡಕ್ಕೂ ಬಾಗಿಲು ತೆರೆದಿದೆ. ಹಾಗಿರುವ ನಿಯಮ ರೈತನಿಗೆ ಮುಂಚಿತವಾಗಿ ಏನನ್ನೂ ಹೇಳುವುದಿಲ್ಲ.

ಅದೇ ಬುಧ ಶುಕ್ರರು ಜನವರಿ, ಫೆಬ್ರವರಿಯಲ್ಲೂ ಸೇರುತ್ತಾರೆ. ಆಗ ರಾಯಚೂರಿನಲ್ಲಿ ಕಡಲು ಉಕ್ಕಿದ್ದು ಯಾರೂ ಕಂಡಿಲ್ಲ.

ಸಪ್ತನಾಡಿ ಚಕ್ರ ಅಂದ್ರೇನು? ಅದು ಬಹಳ ನಿಖರ ಅಂತಾರೆ.

ಅಭಿಜಿತ್ ಸೇರಿಸಿ 28 ನಕ್ಷತ್ರಗಳನ್ನು ನಾಲ್ಕು ನಾಲ್ಕರಂತೆ ಏಳು ನಾಡಿಗಳಾಗಿ ಹಂಚುವ ಚಕ್ರ ಇದು. ಚಂಡ, ವಾಯು, ದಹನ, ಸೌಮ್ಯ, ನೀರ, ಜಲ, ಅಮೃತ. ಕ್ರಮವಾಗಿ ಶನಿ, ಸೂರ್ಯ, ಕುಜ, ಗುರು, ಶುಕ್ರ, ಬುಧ, ಚಂದ್ರ ಅಧಿಪತಿಗಳು. ಅಮೃತ ನಾಡಿಯಲ್ಲಿ ಆಶ್ಲೇಷ, ಮಘೆ, ಶ್ರವಣ, ಧನಿಷ್ಠೆ ಬರುತ್ತವೆ. ಜಲ ನಾಡಿಯಲ್ಲಿ ಪುಷ್ಯ, ಹುಬ್ಬೆ, ಅಭಿಜಿತ್, ಶತಭಿಷೆ. ಕೊನೆಯ ಮೂರು ನಾಡಿಗಳಲ್ಲಿ ಚಂದ್ರನ ಜೊತೆ ಹೆಚ್ಚು ಗ್ರಹ ಸೇರಿದರೆ ಮಳೆ. ಮೊದಲ ಮೂರರಲ್ಲಿ ಸೇರಿದರೆ ಗಾಳಿ, ಬಿಸಿಲು.

ಗಮನಿಸಿ. ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ ಅಂದರೆ ಜುಲೈ 20ರಿಂದ ಸೆಪ್ಟೆಂಬರ್ ಮಧ್ಯದವರೆಗೆ ಸೂರ್ಯ ಇರುವ ಜಾಗ. ಸೂರ್ಯ ಅಲ್ಲಿದ್ದಾಗ ಬುಧ ಶುಕ್ರರೂ ಸಾಮಾನ್ಯವಾಗಿ ಹತ್ತಿರದಲ್ಲೇ. ಅಮಾವಾಸ್ಯೆ ಹೊತ್ತಿಗೆ ಚಂದ್ರನೂ ಅಲ್ಲಿಗೆ ಬರುತ್ತಾನೆ. ಹಾಗಾಗಿ ಈ ಚಕ್ರ ಮಳೆಗಾಲದ ನಡುಭಾಗಕ್ಕೆ ‘ಮಳೆ’ ಅಂತ ಹೇಳುವಂತೆಯೇ ಕಟ್ಟಿದೆ. ನಿಖರ ಅನ್ನಿಸುವುದಕ್ಕೆ ಅರ್ಧ ಕಾರಣ ಅದು. ಯಾವ ದಿನ, ಯಾವ ಊರು ಅಂತ ಕೇಳಿದರೆ ಚಕ್ರದಿಂದ ಉತ್ತರ ಬರುವುದಿಲ್ಲ.

ಮೈಲಾರದ ಕಾರಣಿಕವೂ ಇದೇ ತರಹದ್ದಾ?

ಅಲ್ಲ. ಗೊರವಯ್ಯ ಬಿಲ್ಲು ಏರಿ ನುಡಿಯುವುದು ದೈವವಾಣಿ ಅನ್ನುವ ನಂಬಿಕೆ. ಅದಕ್ಕೆ ಗ್ರಹಗಣಿತ ಇಲ್ಲ.

## ಒಳಗಿಳಿದು ಕೇಳುವವರಿಗೆ

ಮೇಘಗರ್ಭ 195 ದಿನ ಅಂತ ಓದಿದೆ. ಮೋಡಕ್ಕೆ ಗರ್ಭ ಹೇಗೆ?

ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ಹಿಡಿಸುವ ಭಾಗ ಇದೇ. ವರಾಹಮಿಹಿರ ಹೇಳುವುದು ಹೀಗೆ. ಮಾರ್ಗಶಿರ ಶುದ್ಧ ಪಾಡ್ಯದ ನಂತರ, ಚಂದ್ರ ಪೂರ್ವಾಷಾಢಕ್ಕೆ ಬಂದಾಗಿನಿಂದ ಆಕಾಶವನ್ನು ದಿನವೂ ನೋಡಬೇಕು. ತಂಪು ಗಾಳಿ, ಸೂರ್ಯ ಚಂದ್ರರ ಸುತ್ತ ಪರಿವೇಷ ಅಂದರೆ ಕೊಡೆ, ದಟ್ಟ ಮೋಡ ಕಂಡ ದಿನ ಮಳೆಯ ಗರ್ಭ ನಿಂತಿತು ಅಂತ ಗುರುತಿಟ್ಟುಕೊಳ್ಳಬೇಕು. 195 ದಿನ ಕಳೆದ ಮೇಲೆ ಆ ಗರ್ಭ ಮಳೆಯಾಗಿ ಹುಟ್ಟುತ್ತದೆ. ಶುಕ್ಲ ಪಕ್ಷದ ಗರ್ಭ ಕೃಷ್ಣ ಪಕ್ಷದಲ್ಲಿ, ಹಗಲಿನದು ರಾತ್ರಿಯಲ್ಲಿ, ಪೂರ್ವದ್ದು ಪಶ್ಚಿಮದಲ್ಲಿ. ಮಾಘ ಶುಕ್ಲದ ಗರ್ಭ ಶ್ರಾವಣ ಕೃಷ್ಣದಲ್ಲಿ ಹೆರುತ್ತದೆ.

195 ಯಾಕೆ? ತಿಥಿ ಲೆಕ್ಕದಲ್ಲಿ ಹಿಡಿದು ನೋಡಿ. 195 ತಿಥಿ ಅಂದರೆ ಸರಿಯಾಗಿ 13 ಪಕ್ಷ. 13 ಬೆಸ ಸಂಖ್ಯೆ. ಹಾಗಾಗಿ ಶುಕ್ಲದಲ್ಲಿ ಶುರುವಾದದ್ದು ಕೃಷ್ಣದಲ್ಲೇ ಮುಗಿಯಬೇಕು. 195 ತಿಥಿ ಸುಮಾರು 192 ದಿನ. ಚಂದ್ರ ನಕ್ಷತ್ರಗಳನ್ನು ಏಳು ಸುತ್ತು ಹಾಕಲು ಸುಮಾರು 191 ದಿನ ಬೇಕು. ಅಂದರೆ ಪಕ್ಷ ಬದಲಾದರೂ ಚಂದ್ರ ಅದೇ ನಕ್ಷತ್ರಕ್ಕೆ ಮರಳಿರುತ್ತಾನೆ. ಇಷ್ಟು ಅಂದವಾಗಿ ಎರಡು ಸುತ್ತು ಕೂಡುವ ಸಂಖ್ಯೆ ಹುಡುಕಿದವರು ಆಕಾಶವನ್ನು ಚೆನ್ನಾಗಿ ಬಲ್ಲವರು.

ಮಳೆ ವಿಷಯದಲ್ಲಿ ಇದು ನಿಲ್ಲುತ್ತಾ? ಡಿಸೆಂಬರಿಗೆ ಆರೂವರೆ ತಿಂಗಳು ಸೇರಿಸಿದರೆ ಜೂನ್ ಕೊನೆ. ಫೆಬ್ರವರಿಗೆ ಸೇರಿಸಿದರೆ ಆಗಸ್ಟ್. ಗುರಿ ಮಳೆಗಾಲದ ಒಳಗೇ ಬೀಳುತ್ತದೆ, ಆದ್ದರಿಂದ ಎಷ್ಟೋ ಸಲ ಸರಿಯಾದಂತೆ ಕಾಣುತ್ತದೆ. ಆದರೆ ಜನವರಿಯ ಒಂದು ದಿನದ ಮೋಡ ಜುಲೈನ ಒಂದು ದಿನದ ಮಳೆಗೆ ಕಾರಣ ಆಗುವ ದಾರಿ ಗಾಳಿಮಂಡಲದಲ್ಲಿ ಇಲ್ಲ. ಗಾಳಿಯ ನೆನಪು ಎರಡು ವಾರಕ್ಕೇ ಅಳಿಸಿಹೋಗುತ್ತದೆ. ತಿಂಗಳುಗಟ್ಟಲೆ ನೆನಪು ಇಟ್ಟುಕೊಳ್ಳುವುದು ಸಮುದ್ರದ ಬಿಸಿ, ಹಿಮಾಲಯದ ಹಿಮ. 1886ರಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥ ಬ್ಲಾನ್‌ಫೋರ್ಡ್ ಮೊದಲ ಮುಂಗಾರು ಮುನ್ಸೂಚನೆ ಕೊಟ್ಟಾಗ ನೋಡಿದ್ದೂ ಹಿಮಾಲಯದ ಹಿಮವನ್ನೇ. ಚಳಿಗಾಲದಲ್ಲೇ ಮಳೆಗಾಲದ ಸುಳಿವು ಹುಡುಕಬೇಕು ಅನ್ನುವ ಯೋಚನೆ ಮಾತ್ರ ಇಬ್ಬರದ್ದೂ ಒಂದೇ.

ಗ್ರಹಸ್ಥಿತಿ ಎಲ್ಲರಿಗೂ ಒಂದೇ. ಆಗುಂಬೆಗೆ ಅಷ್ಟು ಮಳೆ, ಚಳ್ಳಕೆರೆಗೆ ಇಷ್ಟೇ ಯಾಕೆ?

ಇದಕ್ಕೆ ಹಳೆಯವರ ಉತ್ತರ ಕೂರ್ಮ ವಿಭಾಗ. ಭರತಖಂಡವನ್ನು ಆಮೆಯ ಆಕಾರದಲ್ಲಿ ಒಂಬತ್ತು ಭಾಗ ಮಾಡಿ ಒಂದೊಂದಕ್ಕೆ ಮೂರು ನಕ್ಷತ್ರ ಕೊಟ್ಟಿದ್ದಾರೆ. ಬೃಹತ್ಸಂಹಿತೆಯಲ್ಲಿ ಕರ್ಣಾಟ ದಕ್ಷಿಣ ಭಾಗದಲ್ಲಿದೆ. ಅದಕ್ಕೆ ಉತ್ತರೆ, ಹಸ್ತ, ಚಿತ್ತೆ. ಆದರೆ ಆಗುಂಬೆ, ಚಳ್ಳಕೆರೆ ಎರಡೂ ಆ ಒಂದೇ ಭಾಗಕ್ಕೆ ಬರುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು, ಚಳ್ಳಕೆರೆಯಲ್ಲಿ 500ಕ್ಕೂ ಕಡಿಮೆ. ಎರಡೂ ಊರಿನ ನಡುವೆ ಒಂದು ದಿನದ ಬಸ್ ಪ್ರಯಾಣವೂ ಇಲ್ಲ.

ಕಾರಣ ಘಟ್ಟ. ಅರಬ್ಬೀ ಸಮುದ್ರದ ತೇವ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರಿ, ತಣ್ಣಗಾಗಿ, ಅಲ್ಲೇ ಸುರಿಯುತ್ತದೆ. ಆಚೆ ಇಳಿಯುವ ಗಾಳಿಯಲ್ಲಿ ನೀರು ಉಳಿದಿರುವುದಿಲ್ಲ. ಯಾವ ಗ್ರಹಯೋಗದ ಸೂತ್ರದಲ್ಲೂ ಈ ಬೆಟ್ಟಕ್ಕೆ ಜಾಗ ಇಲ್ಲ. ನನ್ನ ಮಟ್ಟಿಗೆ ಗ್ರಹ-ಮಳೆ ವಾದಕ್ಕೆ ಇದೇ ಅತಿ ದೊಡ್ಡ ತೊಡಕು.

ವರಾಹಮಿಹಿರನ ಕಾಲದ ಆರಿದ್ರೆಯೂ ಈಗಿನ ಆರಿದ್ರೆಯೂ ಒಂದೇ ಹವೆಯಲ್ಲಿ ಬರುತ್ತಾ?

ಇಲ್ಲ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಋತುಗಳು ನಕ್ಷತ್ರಗಳ ಎದುರು ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಜಾರುತ್ತವೆ. ವರಾಹಮಿಹಿರ 6ನೇ ಶತಮಾನದವನು. ಅಲ್ಲಿಂದ ಇಲ್ಲಿಗೆ 20 ಡಿಗ್ರಿ ಜಾರಿದೆ. ಅಂದರೆ ಅವನ ಕಾಲದ ಆರಿದ್ರೆ ಈಗಿನ ಜೂನ್ ಆರಂಭದ ಹವೆಯಲ್ಲಿ ಬರುತ್ತಿತ್ತು. ಈಗ ಅದು ಜೂನ್ 22ಕ್ಕೆ, ಹಗಲು ಅತಿ ಉದ್ದ ಇರುವ ದಿನದ ಪಕ್ಕಕ್ಕೆ ಬಂದು ಕೂತಿದೆ.

ಅವನಿಗೆ ಈ ಜಾರುವಿಕೆ ಗೊತ್ತಿತ್ತು. ಹಿಂದೆ ದಕ್ಷಿಣಾಯನ ಆಶ್ಲೇಷದ ಅರ್ಧದಲ್ಲಿ ಶುರುವಾಗುತ್ತಿತ್ತು, ಈಗ ಕರ್ಕಾಟಕದ ಆದಿಯಲ್ಲಿ ಆಗುತ್ತಿದೆ ಅಂತ ಸ್ಪಷ್ಟವಾಗಿ ಬರೆದಿದ್ದಾನೆ. ಕಣ್ಣಿಗೆ ಕಂಡದ್ದನ್ನು ಶಾಸ್ತ್ರಕ್ಕಿಂತ ಮೇಲೆ ಇಟ್ಟವನು ಅವನು. ಇವತ್ತು ಅವನ ಹೆಸರು ಹೇಳಿ ಅವನ ಸೂತ್ರವನ್ನು ತಿದ್ದದೆ ಬಳಸುವುದು ಅವನಿಗೆ ಮಾಡುವ ಗೌರವ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ನಮ್ಮ ಕನ್ನಡದ ಮಳೆ ಗಾದೆಗಳು ಈಗಿನ ಹವೆಗೆ ಹೊಂದುತ್ತವೆ. ಅವು ಗ್ರಂಥದಿಂದ ಇಳಿದವಲ್ಲ, ಹತ್ತಿರದ ಶತಮಾನಗಳಲ್ಲಿ ಹೊಲದಲ್ಲೇ ಕಟ್ಟಿದವು ಅಂತ ನನಗೆ ಅನ್ನಿಸುವುದು ಇದರಿಂದಲೇ.

ಧಾತು ಸಂವತ್ಸರದಲ್ಲಿ ಬರ ಬಂತು. 60 ವರ್ಷಕ್ಕೊಮ್ಮೆ ಅದು ಮರುಕಳಿಸುತ್ತಾ?

ಧಾತು ಸಂವತ್ಸರ ಬಂದದ್ದು 1876-77ರಲ್ಲಿ. ಮೈಸೂರು ಸೀಮೆಯಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಆ ನೋವು ಹೆಸರಿನಲ್ಲೇ ಉಳಿದುಬಿಟ್ಟಿದೆ. 60 ವರ್ಷದ ಚಕ್ರ ಗುರುವಿನ ಐದು ಸುತ್ತು, ಶನಿಯ ಎರಡು ಸುತ್ತಿಗೆ ಹೊಂದುತ್ತದೆ. ಲೆಕ್ಕ ಚೆಂದ ಇದೆ. ಆದರೆ ಅದೇ ಧಾತು 1996-97ರಲ್ಲಿ ಮತ್ತೆ ಬಂದಾಗ ದೇಶದ ಮುಂಗಾರು ವಾಡಿಕೆಯಷ್ಟೇ ಇತ್ತು. 1877ರ ಸುತ್ತ ಇದ್ದದ್ದು ದಾಖಲೆಯಲ್ಲಿರುವ ಅತಿ ಬಲವಾದ ಎಲ್ ನಿನೋಗಳಲ್ಲಿ ಒಂದು. ಅದಕ್ಕೆ 60 ವರ್ಷದ ನಿಯಮ ಇಲ್ಲ, ಎರಡರಿಂದ ಏಳು ವರ್ಷಕ್ಕೊಮ್ಮೆ ಹೇಗೆ ಬೇಕೋ ಹಾಗೆ ಬರುತ್ತದೆ.

ಚಂದ್ರ ಸಮುದ್ರವನ್ನೇ ಎಳೆಯುತ್ತಾನೆ. ಮೋಡ ಎಳೆಯಲ್ವಾ?

ಗಾಳಿಯನ್ನು ಎಳೆಯುತ್ತಾನೆ, ನಿಜ. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹದ ಮಳೆ ಅಂಕಿಗಳಲ್ಲಿ ಇದನ್ನು ತೋರಿಸಿದರು. ಚಂದ್ರ ನೆತ್ತಿ ಮೇಲೆ ಇದ್ದಾಗ ಗಾಳಿಯ ಒತ್ತಡ ಸ್ವಲ್ಪ ಏರಿ ಮಳೆ ಸ್ವಲ್ಪ ಇಳಿಯುತ್ತದೆ. ಆದರೆ ಮಳೆಯ ಒಟ್ಟು ಏರಿಳಿತದಲ್ಲಿ ಇದರ ಪಾಲು ಶೇ 1ರಷ್ಟು ಮಾತ್ರ. ಹೊಲದಲ್ಲಿ ನಿಂತವರಿಗೆ ಅದು ಗೊತ್ತೇ ಆಗುವುದಿಲ್ಲ. ಗುರು, ಶನಿ ಅಷ್ಟು ದೂರ ಇದ್ದಾರೆ, ಅವರ ಎಳೆತ ಇದರ ಹತ್ತಿರಕ್ಕೂ ಬರುವುದಿಲ್ಲ.

ಕನ್ನಡದಲ್ಲಿ ಈ ವಿದ್ಯೆಯ ಹಳೆಯ ಪುಸ್ತಕ ಇದೆಯಾ?

ಇದೆ. 1300ರ ಸುಮಾರಿಗೆ ರಟ್ಟಕವಿ ಬರೆದ ‘ರಟ್ಟಮತ’. ಮಳೆ, ಸಿಡಿಲು, ಭೂಕಂಪ, ಗ್ರಹ, ಶಕುನ ಎಲ್ಲವೂ ಅದರಲ್ಲಿದೆ. ಅದು ತೆಲುಗಿಗೂ ಹೋಯಿತು. ಅದಕ್ಕೂ ಮೊದಲು, 1025ರ ಹೊತ್ತಿಗೆ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ಅಂತರ್ಜಲ, ಗಿಡಮರಗಳ ಆರೈಕೆ ಎಲ್ಲವನ್ನೂ ಸಾಮಾನ್ಯರಿಗೆ ಉಪಯೋಗ ಆಗಲಿ ಅಂತ ಕನ್ನಡದಲ್ಲಿ ಕೂಡಿಸಿಟ್ಟ. ಆಗಿನವರು ಆಕಾಶವನ್ನು ಎಷ್ಟು ಕಾಳಜಿಯಿಂದ ನೋಡುತ್ತಿದ್ದರು ಅನ್ನೋದು ತಿಳಿಯಲು ಇವನ್ನು ಓದಬೇಕು.

ನಾನು ಅಮೆರಿಕದಲ್ಲಿ ಇದ್ದೀನಿ. ಇಲ್ಲೂ ಆರಿದ್ರೆ ಮಳೆ ಅಂತ ಲೆಕ್ಕ ಇಡಬಹುದಾ?

ಸೂರ್ಯ ಆರಿದ್ರೆಗೆ ಬರುವ ಗಳಿಗೆ ಇಡೀ ಭೂಮಿಗೆ ಒಂದೇ. ಕ್ಯಾಲಿಫೋರ್ನಿಯಾದಲ್ಲಿ ಅದು ಒಣ ಬೇಸಿಗೆಯ ನಡುಮಧ್ಯ, ಅಲ್ಲಿ ಮಳೆ ಬರುವುದು ಚಳಿಗಾಲಕ್ಕೆ. ಮೆಲ್ಬೋರ್ನ್‌ನಲ್ಲಿ ಅದೇ ದಿನ ಕೊರೆಯುವ ಚಳಿ. ಲೆಕ್ಕ ಇಡಬೇಕು ಅನ್ನಿಸಿದರೆ ನಿಮ್ಮ ಊರಿನ ಮಳೆಯನ್ನು ನೋಡಿ ಹೊಸ ಗಾದೆ ಕಟ್ಟಿ.

ಈ ಯೋಗಗಳನ್ನು ನಾನೇ ಪರೀಕ್ಷೆ ಮಾಡ್ಬೇಕು ಅಂತಿದ್ದೀನಿ. ಹೇಗೆ?

ದಯವಿಟ್ಟು ಮಾಡಿ. ಮಳೆ ಬರುವ ಮೊದಲೇ ಬರೆದಿಡಿ. ಇಂಥ ದಿನದಿಂದ ಇಂಥ ದಿನದವರೆಗೆ ಯೋಗ ಇದೆ, ಮಳೆ ಬರಬೇಕು ಅಂತ. ಒಂದು ಮಳೆಮಾಪಕ ಇಟ್ಟು ದಿನಾ ಬೆಳಿಗ್ಗೆ 8.30ಕ್ಕೆ ಓದಿ, ಹವಾಮಾನ ಇಲಾಖೆಯ ಹೊತ್ತೂ ಅದೇ. 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಅದು ಮಳೆ ದಿನ.

ಯೋಗ ಇಲ್ಲದ ದಿನಗಳನ್ನೂ ಎಣಿಸಬೇಕು. ಇದನ್ನೇ ಎಲ್ಲರೂ ಬಿಡುವುದು. ಉದಾಹರಣೆಗೆ ತೀರ್ಥಹಳ್ಳಿಯಲ್ಲಿ ಜುಲೈನ ಹತ್ತು ಯೋಗ ದಿನಗಳಲ್ಲಿ ಎಂಟು ದಿನ ಮಳೆ ಬಂತು ಅಂದುಕೊಳ್ಳಿ. ಕೇಳೋಕೆ ಭಾರೀ. ಯೋಗ ಇಲ್ಲದ ಹತ್ತು ದಿನಗಳಲ್ಲೂ ಎಂಟು ದಿನ ಬಂದಿದ್ದರೆ ಆ ಯೋಗ ಏನೂ ಮಾಡಲಿಲ್ಲ. ಸಾಧ್ಯವಾದರೆ ಬಯಲುಸೀಮೆಯಲ್ಲಿ, ಮಳೆ ಅಪರೂಪ ಇರುವ ಕಡೆ ಪರೀಕ್ಷೆ ಮಾಡಿ. ಅಲ್ಲಿ ಗೆಲ್ಲುವುದು ಕಷ್ಟ, ಗೆದ್ದರೆ ಅದಕ್ಕೆ ಬೆಲೆ ಇದೆ. ಅಕ್ಕಪಕ್ಕದ ಊರಿನ ಅಂಕಿ ಬೇಕಾದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದ್ದಾರೆ.

ಎಲ್ಲ ಸರಿ, ಈಗ ಬಿತ್ತನೆಗೆ ನಾನು ಯಾವುದನ್ನ ನಂಬಲಿ?

ಮಳೆ ನಕ್ಷತ್ರವನ್ನು ಕಾಲದ ಗುರುತಾಗಿ ಇಟ್ಟುಕೊಳ್ಳಿ. ಯಾವ ಬೆಳೆಗೆ ಯಾವ ಮಳೆ ಕೊನೆ ಗಡುವು ಅನ್ನುವ ನಿಮ್ಮ ಊರಿನ ಹಿರಿಯರ ಮಾತು ಬೆಲೆಬಾಳುವಂಥದ್ದು. ಮೇಘಾಧಿಪತಿ, ಕೊಳಗ, ವಾಹನ ನೋಡಿ ಬೀಜ ಚೆಲ್ಲಬೇಡಿ, ಹೆದರಿ ಹೊಲ ಬೀಳು ಬಿಡಲೂ ಬೇಡಿ. ಒಂದು ಜೋರು ಮಳೆ ಬಂದ ಕೂಡಲೇ ಓಡಬೇಡಿ. ಒಂದು ಗೇಣು ಅಗೆದು ಮಣ್ಣು ಹಿಡಿ ಕಟ್ಟಿ ನೋಡಿ, ತೇವ ಅಷ್ಟು ಆಳಕ್ಕೆ ಇಳಿದಿರಬೇಕು. ಆಮೇಲೆ ಮುಂದಿನ ಐದು ದಿನದ ಮುನ್ಸೂಚನೆ ನೋಡಿ. ಹವಾಮಾನ ಇಲಾಖೆಯ ಕೃಷಿ ಸಲಹೆ ಪ್ರತಿ ಮಂಗಳವಾರ, ಶುಕ್ರವಾರ ಬರುತ್ತದೆ, ‘ಮೇಘದೂತ್’ ಆ್ಯಪ್‌ನಲ್ಲಿ ಕನ್ನಡದಲ್ಲೇ ಸಿಗುತ್ತದೆ. ಅಶ್ವಿನಿ, ಭರಣಿಯ ಗುಡುಗು ಮಳೆಯಲ್ಲಿ ಹೊಲದಲ್ಲಿ ಇರಬೇಕಾದರೆ ‘ದಾಮಿನಿ’ ಆ್ಯಪ್ ಕೂಡ ಹಾಕಿಕೊಳ್ಳಿ, ಹತ್ತಿರದಲ್ಲಿ ಸಿಡಿಲು ಬೀಳುವ ಸಂಭವ ಇದ್ದರೆ ಅದು ಎಚ್ಚರಿಸುತ್ತದೆ. ಎಚ್ಚರಿಕೆ ಬಂದರೆ ಒಂಟಿ ಮರದ ಕೆಳಗೆ ನಿಲ್ಲದೆ ಎತ್ತು ಬಿಚ್ಚಿ ಮನೆ ಕಡೆ ಹೊರಡಿ.